ಹಳೆಯ ಆಟಿಕೆ ರೈಲಿನ ಪರಿಕರಗಳಿಗೆ ಬಿಡಿಭಾಗ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಪರಿಕರ ಎಂದರೆ ಹಳಿಯ ಪಕ್ಕ ನಿಂತು ಕೆಲಸ ಮಾಡುವ ಆಟಿಕೆಗಳು: ರೈಲು ಬಂದಾಗ ಬಾಗಿಲು ತೆರೆದು ಲಾಟೀನು ಹಿಡಿದು ಹೊರಬರುವ ಗೇಟ್‌ಮನ್, ಕಲ್ಲಿದ್ದಲು ತುಂಬುವ ಯಂತ್ರ, ಮರದ ದಿಮ್ಮಿ ಏರಿಸುವ ಯಂತ್ರ, ಸುತ್ತುವ ದೀಪ, ಸಿಗ್ನಲ್, ಹಾಲಿನ ಕ್ಯಾನ್ ಇಳಿಸಿಕೊಳ್ಳುವ ಕಟ್ಟೆ. ಇಂಜಿನ್ ರಿಪೇರಿ ಬೇರೆಯೇ ವಿಷಯ, ಅದು ಇಲ್ಲಿಲ್ಲ. ಉದಾಹರಣೆಗಳು ಹೆಚ್ಚಾಗಿ 1945ರಿಂದ 1969ರ ನಡುವಿನ, ಅಮೆರಿಕದ ಲಯನೆಲ್ ಕಂಪನಿಯ ಪರಿಕರಗಳವು. ರಿಪೇರಿಗೆ ಹೆಚ್ಚಾಗಿ ಬರುವುದು ಅವೇ.

## ಗುರುತು ಹಿಡಿಯುವುದು

ಅಟ್ಟದ ಮೇಲೆ ಒಂದು ಗುಡಿಸಲು, ಒಂದು ಸಿಗ್ನಲ್ ಸಿಕ್ಕಿವೆ. ಹೆಸರು ಅಳಿಸಿಹೋಗಿದೆ. ಯಾವ ಕಂಪನಿಯದು ಅಂತ ತಿಳಿಯೋದು ಹೇಗೆ?

ಪರಿಕರಕ್ಕಿಂತ ಮೊದಲು ಅದರ ಜೊತೆ ಸಿಕ್ಕ ಹಳಿ ನೋಡಿ. ಮೂರು ಕಂಬಿ ಇದ್ದು, ಹೊರಗಿನ ಎರಡು ಕಂಬಿಗಳ ನಡುವೆ ಸುಮಾರು 32 ಮಿ.ಮೀ. ಇದ್ದರೆ ಅದು ಓ ಗೇಜ್, ಬಹುಶಃ ಲಯನೆಲ್ ಅಥವಾ ಮಾರ್ಕ್ಸ್ ಕಂಪನಿಯದು. ಎರಡೇ ಕಂಬಿ, ನಡುವೆ 22.5 ಮಿ.ಮೀ. ಇದ್ದರೆ ಎಸ್ ಗೇಜ್. ಅದು ನ್ಯೂ ಹೇವನ್‌ನ ಎ.ಸಿ. ಗಿಲ್ಬರ್ಟ್ ಕಂಪನಿ 1946ರಿಂದ ಮಾಡಿದ ಅಮೆರಿಕನ್ ಫ್ಲೈಯರ್ ಇರಬೇಕು.

ಹಳಿ ಇಲ್ಲದಿದ್ದರೆ ಪರಿಕರವನ್ನು ಬೋರಲು ಮಾಡಿ. ಮಾರ್ಕ್ಸ್‌ನದು ಬಣ್ಣ ಮುದ್ರಿಸಿದ ತಗಡು. ಮೂಲೆಯಲ್ಲೆಲ್ಲೋ ವೃತ್ತದೊಳಗೆ ದೊಡ್ಡ ಗುಣಾಕಾರ ಚಿಹ್ನೆಯಂಥ ಮುದ್ರೆ ಇರುತ್ತದೆ. ಬ್ರಿಟನ್ನಿನ ಹಾರ್ನ್‌ಬಿಯಲ್ಲಿ ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿಯ ಹೆಸರು, ಜರ್ಮನಿಯ ಮ್ಯಾರ್ಕ್ಲಿನ್‌ನಲ್ಲಿ ಗೋಪಿಂಗೆನ್ ಊರಿನ ಸುಳಿವು ಸಿಗಬಹುದು. ಬಣ್ಣ ಸವೆದು ಅಕ್ಷರ ಕಾಣದಿದ್ದರೆ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಿರಿ. ಅಚ್ಚೊತ್ತಿದ ಸಂಖ್ಯೆ ನೆರಳಾಗಿ ಎದ್ದು ಕಾಣುತ್ತದೆ.

ಕಂಪನಿ ಗೊತ್ತಾದರೆ ಸಾಲದು, ಮಾದರಿಯ ಸಂಖ್ಯೆಯೂ ಬೇಕು. ಲಯನೆಲ್ ಗೇಟ್‌ಮನ್ 1935ರಲ್ಲಿ 45 ಎಂಬ ಸಂಖ್ಯೆಯಲ್ಲಿ ಬಂತು, ಆಮೇಲೆ 45ಎನ್ ಆಯಿತು, 1950ರಲ್ಲಿ 145 ಆಯಿತು. ಮೂರೂ ಒಂದೇ ಆಟ ಆಡುತ್ತವೆ, ಆದರೆ ಎಲ್ಲ ಭಾಗಗಳೂ ಅದಲು ಬದಲಾಗುವುದಿಲ್ಲ. "ಲಯನೆಲ್ ಗೇಟ್‌ಮನ್ ಬಾಗಿಲು ಬೇಕು" ಎಂದಷ್ಟೇ ಕೇಳಿದರೆ ತಪ್ಪು ಬಾಗಿಲು ಬರುವುದು ಅದಕ್ಕೇ.

ಹಾಲಿನ ಕಟ್ಟೆ ಇದೆ, ಅದರ ಮೇಲೆ ನಂಬರೇ ಇಲ್ಲ. ಯಾವ ಹೆಸರಲ್ಲಿ ಹುಡುಕಲಿ?

ಡಬ್ಬಿಯ, ಅಂದರೆ ರೈಲಿನ ಬೋಗಿಯ, ಸಂಖ್ಯೆಯಲ್ಲಿ. ಹಾಲಿನ ಕಟ್ಟೆ, ದನದ ಕೊಟ್ಟಿಗೆ ಮುಂತಾದವು ಹೆಚ್ಚಾಗಿ ಆಯಾ ಡಬ್ಬಿಯ ಜೊತೆಗೇ ಬಂದವು. ಹಾಲಿನ ಡಬ್ಬಿ 3462, 3472, 3482 ಅಥವಾ 3662 ಆಗಿರಬಹುದು. ದನದ ಡಬ್ಬಿ 3656. ಕಟ್ಟೆಯ ಗೇಟು, ಕಂಬಿಬೇಲಿ, ಕ್ಯಾನ್ ಎಲ್ಲವೂ ಆ ಸಂಖ್ಯೆಗಳ ಅಡಿಯಲ್ಲೇ ಪಟ್ಟಿಯಾಗಿರುತ್ತವೆ.

ಪಾರ್ಟ್ ನಂಬರಿನಲ್ಲಿ ಅಡ್ಡಗೆರೆ ಯಾಕೆ ಇರುತ್ತದೆ? ನನ್ನ ಬಳಿ ಇರೋದು 145, ಅಂಗಡಿಯವರು ಬೇರೆ ನಂಬರಿನ ಭಾಗ ಕಳಿಸಿದ್ದಾರೆ. ಮೋಸವಾಯ್ತಾ?

ಮೋಸವಾಗಿರಲಿಕ್ಕಿಲ್ಲ. ಲಯನೆಲ್ ಪದ್ಧತಿಯಲ್ಲಿ ಅಡ್ಡಗೆರೆಯ ಮುಂಚಿನದು ಮಾದರಿ, ನಂತರದ್ದು ಆ ಮಾದರಿಯೊಳಗಿನ ಭಾಗ. ಆದರೆ ಒಂದು ಭಾಗ ಮೊದಲು ಯಾವ ಮಾದರಿಗೆಂದು ತಯಾರಾಯಿತೋ ಆ ಸಂಖ್ಯೆಯೇ ಅದಕ್ಕೆ ಉಳಿಯುತ್ತದೆ. ಹತ್ತು ವರ್ಷದ ಮೇಲೆ ಅದೇ ಸ್ಪ್ರಿಂಗನ್ನು ಹೊಸ ಮಾದರಿಗೆ ಹಾಕಿದರೂ ಹಳೆಯ ಸಂಖ್ಯೆಯಲ್ಲೇ ಸಿಗುತ್ತದೆ. ಗಿಲ್ಬರ್ಟ್‌ನವರ ಸಂಖ್ಯೆಗಳು ಪಿಎ ಅಥವಾ ಎಕ್ಸ್‌ಎ ಅಕ್ಷರಗಳಿಂದ ಶುರುವಾಗುತ್ತವೆ. ಎಕ್ಸ್‌ಎ ಇದ್ದರೆ ಸಾಮಾನ್ಯವಾಗಿ ಜೋಡಿಸಿದ ಕಟ್ಟು, ಅಂದರೆ ಒಂದೇ ಸಂಖ್ಯೆಗೆ ಎರಡು ಮೂರು ಭಾಗ ಸೇರಿ ಬರುತ್ತವೆ. ಬೇಕಾದದ್ದು ಒಂದು ವಾಷರ್ ಆಗಿದ್ದರೆ ಇಡೀ ಕಟ್ಟಿಗೆ ಹಣ ಸುರಿಯಬೇಡಿ.

ಸಂಖ್ಯೆ ಹುಡುಕಲು ಇರುವ ಏಕೈಕ ನಂಬಿಗಸ್ತ ದಾರಿ ಕಂಪನಿಯ ಸರ್ವೀಸ್ ಮ್ಯಾನ್ಯುಯಲ್. ಭಾಗಗಳನ್ನು ಬಿಡಿಸಿ ಹರವಿದಂತೆ ತೋರುವ ಚಿತ್ರ, ಪಕ್ಕದಲ್ಲಿ ಪಟ್ಟಿ ಇರುವ ಪುಟ ಬೇಕು. ಲಯನೆಲ್ ಮತ್ತು ಗಿಲ್ಬರ್ಟ್‌ನ ಪುಟಗಳ ಪ್ರತಿಗಳು ಸುಲಭವಾಗಿ ಸಿಗುತ್ತವೆ. ಮಾರ್ಕ್ಸ್‌ನಲ್ಲಿ ಅಷ್ಟು ಅನುಕೂಲವಿಲ್ಲ, ಅಲ್ಲಿ ಅಳತೆಯೇ ಗತಿ.

ಪರಿಕರ ಅಲುಗಾಡುತ್ತಿಲ್ಲ. ಕಾಯಿಲ್ (ಒಳಗಿನ ತಂತಿಯ ಸುರುಳಿ) ಸುಟ್ಟಿರಬೇಕು, ಹೊಸದು ತರಿಸಲೇ?

ಸ್ವಲ್ಪ ತಡೆಯಿರಿ. ಹುಡುಕಿ ಹುಡುಕಿ ಕೊಂಡ ಕಾಯಿಲ್‌ಗಳಲ್ಲಿ ಎಷ್ಟೋ ಡಬ್ಬದಲ್ಲೇ ಕೂತಿವೆ, ಏಕೆಂದರೆ ಹಳೆಯದು ಸುಟ್ಟಿರಲೇ ಇಲ್ಲ. ಈ ಕ್ರಮದಲ್ಲಿ ನೋಡಿ.

1. ಹಳಿ, ಬಟನ್, ಕಾಂಟ್ಯಾಕ್ಟರ್ (ಹಳಿಯಡಿಯ ಸ್ವಿಚ್) ಎಲ್ಲದರಿಂದ ಬಿಡಿಸಿ. ಟ್ರಾನ್ಸ್‌ಫಾರ್ಮರ್‌ನಿಂದ ನೇರ ಎರಡು ವೈರ್ ತಂದು ಪರಿಕರದ ಟರ್ಮಿನಲ್‌ಗೆ 12 ವೋಲ್ಟ್ ಎ.ಸಿ. ಒಂದೆರಡು ಸೆಕೆಂಡು ಮುಟ್ಟಿಸಿ. ಓಡಿದರೆ ತಪ್ಪು ಹೊರಗಿದೆ.
2. ಓಡದಿದ್ದರೆ ವಿದ್ಯುತ್ ತೆಗೆದು ಮಲ್ಟಿಮೀಟರ್‌ನಿಂದ ಕಾಯಿಲ್‌ನ ಎರಡು ತುದಿಗೇ ಓಮ್ ಅಳೆಯಿರಿ, ಟರ್ಮಿನಲ್‌ಗೆ ಅಲ್ಲ. ಕೆಲವು ಓಮ್ ತೋರಿಸಿದರೆ ಕಾಯಿಲ್ ಜೀವಂತ. ಟರ್ಮಿನಲ್‌ನಲ್ಲಿ ತೋರದೆ ಕಾಯಿಲ್‌ನಲ್ಲಿ ತೋರಿದರೆ ಬೆಸುಗೆ ಬಿಟ್ಟಿದೆ.
3. ಏನೂ ತೋರದಿದ್ದರೂ ಕೈಬಿಡಬೇಡಿ. ತಂತಿ ತುಂಡಾಗುವುದು ಹೆಚ್ಚಾಗಿ ಹೊರಸುತ್ತಿನ ತುದಿಯಲ್ಲಿ. ಒಂದು ಸುತ್ತು ಬಿಚ್ಚಿ, ತಂತಿಯ ಮೇಲಿನ ಎನಾಮಲ್ ಲೇಪ ಕೆರೆದು ಮತ್ತೆ ಬೆಸೆದರೆ ಸಾಕಾಗುತ್ತದೆ.
4. ಕಾಯಿಲ್ ಸರಿಯಿದ್ದೂ ಅಲುಗಾಡದಿದ್ದರೆ ಒಳಗಿನ ಪ್ಲಂಜರ್ (ಕಾಯಿಲ್‌ನೊಳಗೆ ಜಾರುವ ಕಬ್ಬಿಣದ ತುಂಡು) ಅಂಟಿಕೊಂಡಿದೆ. ಬೆರಳಿನಿಂದ ತಳ್ಳಿ ನೋಡಿ. ಅದು ತನ್ನ ಭಾರಕ್ಕೇ ಜಾರಿ ಬೀಳಬೇಕು.

ಹೊರಗಿನ ತಪ್ಪು ಎಂದರೆ ಲಯನೆಲ್‌ನಲ್ಲಿ ಮುಕ್ಕಾಲು ಪಾಲು ಹಳಿಯಡಿಯ ಕಾಂಟ್ಯಾಕ್ಟರ್. ರೈಲಿನ ಭಾರಕ್ಕೆ ಒತ್ತಿ ಸಂಪರ್ಕ ಕೊಡುವ ಸಾಧನ ಅದು. ಹೊಂದಿಸುವ ನಟ್ ಸಡಿಲಾದರೆ ಅಥವಾ ಹಳಿಯನ್ನು ಹಲಗೆಗೆ ಬಿಗಿಯಾಗಿ ಸ್ಕ್ರೂ ಮಾಡಿದರೆ ಹಳಿ ತಗ್ಗುವುದೇ ಇಲ್ಲ. 145ಸಿ ಮತ್ತು 153ಸಿ ಎಂಬ ಎರಡನ್ನು ಒಂದೇ ಎಂದುಕೊಳ್ಳುವವರೂ ಇದ್ದಾರೆ. 145ಸಿ ಒಂದು ಸಂಪರ್ಕ ಜೋಡಿಸಿ ಬಿಡುತ್ತದೆ ಅಷ್ಟೆ. ಕೆಂಪು ಹಸಿರು ಬದಲಾಗಬೇಕಾದ ಸಿಗ್ನಲ್‌ಗೆ ಎರಡು ಕಡೆಗೂ ಹೊರಳುವ 153ಸಿ ಬೇಕು.

ಭಾಗ ಬೇಕು ಅಂತ ಮಾರುವವರಿಗೆ ಬರೆದರೆ ಉತ್ತರವೇ ಬರಲ್ಲ. ಏನು ಬರೆಯಬೇಕು?

ಅವರು ಡಬ್ಬ ತೆರೆದು ಹೋಲಿಸಿ ನೋಡಲು ಬೇಕಾದಷ್ಟನ್ನು ಬರೆಯಿರಿ: ಕಂಪನಿ, ಮಾದರಿ ಸಂಖ್ಯೆ, ಮ್ಯಾನ್ಯುಯಲ್‌ನಲ್ಲಿ ಭಾಗದ ಸಂಖ್ಯೆ, ಬಣ್ಣ, ಲೋಹವೋ ಪ್ಲಾಸ್ಟಿಕ್ಕೋ, ಬೇಕಾದ ಎಣಿಕೆ, ಅಸಲಿಯೇ ಆಗಬೇಕೋ ಹೊಸ ನಕಲಾದರೂ ಸಾಕೋ. ಸಂಖ್ಯೆ ಸಿಗದಿದ್ದರೆ ಮುರಿದ ತುಂಡನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ನೇರ ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ಭಾಗ ಪೂರ್ತಿ ಕಳೆದುಹೋಗಿದ್ದರೆ ಅದು ಕೂರುವ ಜಾಗದ ಚಿತ್ರ ಕಳಿಸಿ. ರಂಧ್ರಗಳ ನಡುವಿನ ದೂರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಹಾಕಿ. "ಹಳೆಯ ಲಯನೆಲ್ ಕ್ರೇನಿಗೆ ಏನೇನು ಇದೆ?" ಎಂಬ ಪ್ರಶ್ನೆಗೆ ಯಾರೂ ಉತ್ತರ ಬರೆಯುವುದಿಲ್ಲ.

ಅಂಗಡಿಯಲ್ಲಿ ಸಿಗದ್ದನ್ನು ಎಲ್ಲಿ ಹುಡುಕಬೇಕು?

ಸಂಗ್ರಾಹಕರ ಸಂಘಗಳಲ್ಲಿ. ಅಮೆರಿಕದ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಷನ್ 1954ರಿಂದ, ಬ್ರಿಟನ್ನಿನ ಹಾರ್ನ್‌ಬಿ ರೈಲ್ವೇ ಕಲೆಕ್ಟರ್ಸ್ ಅಸೋಸಿಯೇಷನ್ 1969ರಿಂದ ಇವೆ. ಅಮೆರಿಕದ ಸಂಘದ ಪೂರ್ವ ವಿಭಾಗ ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ನಡೆಸುವ ಮೇಳ ಬಿಡಿಭಾಗದವರಿಗೆ ಜಾತ್ರೆಯೇ ಸರಿ. ಅಲ್ಲಿಗೆ ಹೋಗುವಾಗ ಮುರಿದ ಭಾಗವನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ನೆನಪಿನ ಅಳತೆ ಕೈಕೊಡುತ್ತದೆ.

ಇನ್ನೊಂದು ದಾರಿ ಅದೇ ಮಾದರಿಯ ಕೆಟ್ಟುಹೋದ ಪರಿಕರ ಕೊಂಡು ಬಿಚ್ಚುವುದು. ಎರಡಕ್ಕಿಂತ ಹೆಚ್ಚು ಭಾಗ ಬೇಕಿದ್ದರೆ ಸಾಮಾನ್ಯವಾಗಿ ಇದೇ ಅಗ್ಗ. ಆದರೆ ಪ್ರತಿ ಮಾದರಿಗೂ ಒಂದು ದುರ್ಬಲ ಜಾಗವಿದೆ, ನಿಮ್ಮದರಲ್ಲಿ ಮುರಿದದ್ದೇ ಅದರಲ್ಲೂ ಮುರಿದಿರುವ ಸಂಭವ ಹೆಚ್ಚು. ಆ ಜಾಗದ ಹತ್ತಿರದ ಚಿತ್ರ ನೋಡದೆ ಕೊಳ್ಳಬೇಡಿ. "ಪರೀಕ್ಷಿಸಿಲ್ಲ" ಎಂದು ಬರೆದಿದ್ದರೆ ಪರೀಕ್ಷಿಸಿ ಓಡಲಿಲ್ಲ ಎಂದೇ ಓದಿಕೊಳ್ಳಿ.

## ಹೆಚ್ಚಾಗಿ ಬೇಕಾಗುವ ಭಾಗಗಳು

ಬಲ್ಬಿನ ಬುಡದಲ್ಲಿ 1445, 53, 1449 ಅಂತೆಲ್ಲ ಇದೆ. ಯಾವುದನ್ನು ಯಾವುದಕ್ಕೆ ಹಾಕಬಹುದು?

ಮೊದಲು ಬುಡ ನೋಡಿ. ಒತ್ತಿ ತಿರುಗಿಸುವ ಬೇಯೊನೆಟ್ ಬುಡವೋ, ಸ್ಕ್ರೂ ಬುಡವೋ? ಬೇಯೊನೆಟ್‌ನಲ್ಲಿ 1445 (18 ವೋಲ್ಟ್), 363 (14 ವೋಲ್ಟ್, 0.2 ಆಂಪಿಯರ್), 53 (14.4 ವೋಲ್ಟ್, 0.12 ಆಂಪಿಯರ್) ಬರುತ್ತವೆ. ಸ್ಕ್ರೂ ಬುಡದಲ್ಲಿ 1447 (18 ವೋಲ್ಟ್), 1449 (14 ವೋಲ್ಟ್).

363ಕ್ಕೆ ಸುಮಾರು 2.8 ವ್ಯಾಟ್ ಬೇಕು, 53ಕ್ಕೆ 1.7 ವ್ಯಾಟ್ ಮಾತ್ರ. ಪ್ಲಾಸ್ಟಿಕ್ ಚಾವಣಿಯಡಿ ಈ ಒಂದು ವ್ಯಾಟ್ ವ್ಯತ್ಯಾಸವೇ ಮುಖ್ಯ. ಚಾವಣಿ ಉಬ್ಬಿದ, ಕಿಟಕಿ ಹಾಳೆ ಕಂದಿದ ನಿಲ್ದಾಣ ಕಂಡರೆ ಯಾರೋ ಜೋರು ಬಲ್ಬ್ ಹಾಕಿದ್ದರು ಎಂದರ್ಥ. 14 ವೋಲ್ಟ್‌ನಲ್ಲಿ ಸದಾ ಉರಿಯುವ ದೀಪಕ್ಕೆ 18 ವೋಲ್ಟಿನ ಬಲ್ಬ್ ಹಾಕಿ. ಬೆಳಕು ಹಳದಿಯಾದರೂ ಹಳೆಯ ನಿಲ್ದಾಣಕ್ಕೆ ಅದೇ ಚೆನ್ನ, ಬಲ್ಬಿನ ಆಯಸ್ಸೂ ಬಹಳ ಹೆಚ್ಚು.

ಎಲ್ಲದಕ್ಕೂ ಎಲ್‌ಇಡಿ ಹಾಕಿಬಿಟ್ಟರೆ ಬಲ್ಬ್ ಹುಡುಕೋ ಗೋಳೇ ಇರಲ್ಲವಲ್ಲ?

ಬರೀ ಬೆಳಕು ಕೊಡುವ ಕಡೆ ಹಾಕಬಹುದು. 14 ವೋಲ್ಟ್ ಎ.ಸಿ.ಗೆ ಒಂದು ಎಲ್‌ಇಡಿ, ಸರಣಿಯಲ್ಲಿ 1 ಕಿಲೋಓಮ್ ಕಾಲು ವ್ಯಾಟ್ ರೆಸಿಸ್ಟರ್, ಒಂದು 1ಎನ್4007 ಡಯೋಡ್. ಡಯೋಡ್ ಬಿಟ್ಟರೆ ಎ.ಸಿ.ಯ ಉಲ್ಟಾ ಅರ್ಧ ಎಲ್‌ಇಡಿಯನ್ನು ಬೇಗ ಕೊಲ್ಲುತ್ತದೆ.

ಆದರೆ ಕೆಲವು ಪರಿಕರಗಳಲ್ಲಿ ಬಲ್ಬ್ ಇರುವುದು ಬೆಳಕಿಗಿಂತ ಬಿಸಿಗಾಗಿ. ಲಯನೆಲ್ 394 ಸುತ್ತುವ ದೀಪದಲ್ಲಿ ಮೋಟರೇ ಇಲ್ಲ. ಬಲ್ಬಿನ ಬಿಸಿಗಾಳಿ ಮೇಲೆದ್ದು ತಲೆಯ ರೆಕ್ಕೆಗಳನ್ನು ತಳ್ಳುತ್ತದೆ, ತಲೆಯ ಮೊನೆ ಬಲ್ಬಿನ ಗಾಜಿನ ನೆತ್ತಿಯಲ್ಲಿರುವ ಪುಟ್ಟ ಗುಳಿಯಲ್ಲಿ ಕೂರುತ್ತದೆ. ಆ ಗುಳಿ ಇರುವ ಬಲ್ಬೇ ಬೇಕು, ಸಾಮಾನ್ಯ ಬಲ್ಬಿನ ದುಂಡು ನೆತ್ತಿಯ ಮೇಲೆ ತಲೆ ನಿಲ್ಲುವುದಿಲ್ಲ. ಗುಳಿಗೆ ಎಣ್ಣೆ ಹಾಕಬೇಡಿ, ಕರಕಲಾಗಿ ಬ್ರೇಕಿನಂತೆ ಹಿಡಿಯುತ್ತದೆ. ಪಕ್ಕದಲ್ಲಿ ಫ್ಯಾನ್ ತಿರುಗುತ್ತಿದ್ದರೂ ಈ ದೀಪ ಸುತ್ತದು. 455 ಎಣ್ಣೆ ಬಾವಿಯ ಗುಳ್ಳೆ ಕೊಳವೆಗೂ ಬಿಸಿ ಬೇಕು. ಒಳಗಿನ ದ್ರವ ಕೆಳಗಿನ ಬಲ್ಬಿನ ಶಾಖಕ್ಕೇ ಕುದಿಯುತ್ತದೆ. ದ್ರವ ಇಳಿದಿದ್ದರೆ ಕೊಳವೆಯನ್ನೇ ಬದಲಿಸಿ, ಒಡೆದು ತುಂಬಿಸುವ ಸಾಹಸ ಬೇಡ. ಅದರೊಳಗಿನ ರಾಸಾಯನಿಕದ ಆವಿ ಒಳ್ಳೆಯದಲ್ಲ.

ಕೊಳ್ಳುವಾಗ 394 ಮತ್ತು 494 ಗೊಂದಲ ಮಾಡಿಕೊಳ್ಳಬೇಡಿ. ನೋಡಲು ಒಂದೇ ಗೋಪುರ, ಆದರೆ 494ರ ತಲೆ ಕಂಪನದಿಂದ ತಿರುಗುತ್ತದೆ. ಅದಕ್ಕೆ ಬೇಕಾದದ್ದು ರಬ್ಬರ್ ಬಳೆ, ಗುಳಿ ಬಲ್ಬ್ ಅಲ್ಲ.

ದನದ ಕೊಟ್ಟಿಗೆ ಗುಂಯ್ ಅನ್ನುತ್ತೆ, ದನ ಮಾತ್ರ ಹೆಜ್ಜೆ ಇಡಲ್ಲ. ಮೋಟರ್ ಎಲ್ಲಿ ಸಿಗುತ್ತೆ?

ಅದರಲ್ಲಿ ಮೋಟರ್ ಇಲ್ಲ, ಹುಡುಕಬೇಡಿ. ಒಂದು ಕಾಯಿಲ್ ತಗಡಿನ ದಾರಿಯನ್ನು ನಡುಗಿಸುತ್ತದೆ. 60 ಹರ್ಟ್ಜ್ ಎ.ಸಿ.ಯಲ್ಲಿ ಸೆಕೆಂಡಿಗೆ 120 ಎಳೆತ, 50 ಹರ್ಟ್ಜ್‌ನಲ್ಲಿ 100. ದನದ ಅಡಿಯಲ್ಲಿ ಒಂದೇ ದಿಕ್ಕಿಗೆ ಬಾಗಿದ ಸಣ್ಣ ಕೂದಲೋ ರಬ್ಬರ್ ಬೆರಳೋ ಇರುತ್ತದೆ. ಪ್ರತಿ ನಡುಕಕ್ಕೂ ಅದು ಕೂದಲೆಳೆಯಷ್ಟು ಮುಂದೆ ಜಿಗಿಯುತ್ತದೆ. ರಬ್ಬರ್ ಗಟ್ಟಿಯಾದರೆ ಅಥವಾ ಸವೆದರೆ ಗುಂಯ್ ಸದ್ದು ಮಾತ್ರ ಉಳಿಯುತ್ತದೆ.

ಮೊದಲು ದಾರಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪರಿಕರವನ್ನು ಸಮತಟ್ಟಾದ ಹಲಗೆಯ ಮೇಲಿಡಿ. ಆಮೇಲೆ ವೋಲ್ಟೇಜನ್ನು ಮೆಲ್ಲಗೆ ಏರಿಸಿ. ಪೂರ್ತಿ ವೋಲ್ಟ್ ಕೊಟ್ಟರೆ ದನ ನಡೆಯುವುದಿಲ್ಲ, ಕುಣಿದು ಬೀಳುತ್ತದೆ. ಒಂದೆರಡು ದನ ಮಾತ್ರ ನಿಂತರೆ ಅವುಗಳ ಅಡಿಯನ್ನಷ್ಟೇ ಬದಲಿಸಿ. ದಾರಿಗೆ ಎಣ್ಣೆ ತಾಗಿದರೆ ಹೊಸ ರಬ್ಬರೂ ವ್ಯರ್ಥ. ಇವು ಡಿ.ಸಿ.ಯಲ್ಲಿ ಕೆಲಸ ಮಾಡುವುದಿಲ್ಲ: ಕಾಯಿಲ್ ಒಮ್ಮೆ ಎಳೆದು ಹಿಡಿದು ಬಿಸಿಯಾಗುತ್ತದೆ.

ಬೆಲ್ಟ್ ಪುಡಿಪುಡಿಯಾಗಿದೆ, ಅಳತೆ ತೆಗೆಯಲು ಏನೂ ಉಳಿದಿಲ್ಲ.

ರಾಟೆಗಳು ಉಳಿದಿವೆಯಲ್ಲ, ಸಾಕು. ಎರಡು ರಾಟೆಗಳ ತೋಡಿನ ತಳದ ವ್ಯಾಸವನ್ನೂ ನಡುಗಳ ನಡುವಿನ ದೂರವನ್ನೂ ಅಳೆಯಿರಿ. ದೂರದ ಎರಡರಷ್ಟು, ಅದಕ್ಕೆ ಎರಡು ವ್ಯಾಸಗಳ ಮೊತ್ತ ಗುಣಿಸು 1.57 ಕೂಡಿಸಿ. ಉದಾಹರಣೆಗೆ 20 ಮತ್ತು 8 ಮಿ.ಮೀ. ರಾಟೆ, ನಡುವೆ 60 ಮಿ.ಮೀ.: 120 + 44 = 164 ಮಿ.ಮೀ. ವ್ಯಾಸಗಳ ಅಂತರಕ್ಕೆ ಸೇರಬೇಕಾದದ್ದು ಇಲ್ಲಿ ಅರ್ಧ ಮಿಲಿಮೀಟರ್ ಚಿಲ್ಲರೆ, ಬಿಟ್ಟುಬಿಡಿ. ಬಿಗಿಗಾಗಿ ಶೇ. 8 ಕಳೆಯಿರಿ, 151 ಉಳಿಯಿತು. 3.14ರಿಂದ ಭಾಗಿಸಿದರೆ 48. ಅಂದರೆ ಒಳವ್ಯಾಸ 48 ಮಿ.ಮೀ. ಇರುವ ಓ-ರಿಂಗ್ (ರಬ್ಬರ್ ಬಳೆ).

ದಪ್ಪ ತೋಡಿನ ಅಗಲಕ್ಕೆ ತಕ್ಕಂತಿರಲಿ, ಅನುಮಾನವಿದ್ದರೆ ತೆಳ್ಳಗಿನದನ್ನೇ ಆರಿಸಿ. ದಪ್ಪ ರಿಂಗನ್ನು ಬಾಗಿಸುವುದರಲ್ಲೇ ಪುಟ್ಟ ಮೋಟರಿನ ಬಲ ಮುಗಿದುಹೋಗುತ್ತದೆ. ಆಫೀಸಿನ ರಬ್ಬರ್ ಬ್ಯಾಂಡ್ ಒಂದು ಸಂಜೆಯ ಪರೀಕ್ಷೆಗೆ ಸರಿ, ಹಾಗೇ ಬಿಟ್ಟರೆ ಕರಗಿ ರಾಟೆಗೆ ಮೆತ್ತಿಕೊಳ್ಳುತ್ತದೆ. 364 ದಿಮ್ಮಿ ಯಂತ್ರದ ಕೆಂಪು ಚೌಕುಳಿ ಬಟ್ಟೆಯ ಪಟ್ಟಿಗೆ ಈ ಲೆಕ್ಕ ನಡೆಯದು, ಅದು ಹಿಗ್ಗುವುದಿಲ್ಲ. ಅದರ ನಕಲು ಸಿದ್ಧವಾಗಿ ಸಿಗುತ್ತದೆ.

ಸ್ಕ್ರೂ ಅರ್ಧ ಸುತ್ತು ಹೋಗಿ ಬಿಗಿಯಾಗುತ್ತದೆ. ಒತ್ತಿ ತಿರುಗಿಸಲೇ?

ಬೇಡ! ಥ್ರೆಡ್ ಬೇರೆ ಎಂದರ್ಥ, ಒತ್ತಿದರೆ ತೂತಿನ ಥ್ರೆಡ್ಡೇ ಹಾಳಾಗುತ್ತದೆ. ಹಳೆಯ ಲಯನೆಲ್‌ನಲ್ಲಿ ಈಗ ಮಾಮೂಲಿ ಅಂಗಡಿಯಲ್ಲಿ ಸಿಗದ 4-36 ಎಂಬ ಅಳತೆ ಇದೆ. ಅದರ ಜಾಗಕ್ಕೆ 4-40 ಹಾಕಿದರೆ ಮೊದಲೆರಡು ಎಳೆ ಹಿಡಿದಂತೆ ನಟಿಸಿ ಆಮೇಲೆ ಕಚ್ಚಿಕೊಳ್ಳುತ್ತದೆ. ವ್ಯಾಸ ಒಂದೇ, ಇಂಚಿಗೆ ಎಳೆಗಳು 36 ಅಲ್ಲ 40. ಬ್ರಿಟಿಷ್ ಆಟಿಕೆಗಳಲ್ಲಿ ಬಿಎ (ಬ್ರಿಟಿಷ್ ಅಸೋಸಿಯೇಷನ್) ಥ್ರೆಡ್ ಕಾಣಬಹುದು (6ಬಿಎ ವ್ಯಾಸ 2.8 ಮಿ.ಮೀ., 8ಬಿಎ 2.2 ಮಿ.ಮೀ.). ಮೆಕ್ಯಾನೊ ಜೋಡಣೆಯ ಸ್ಕ್ರೂ 5/32 ಇಂಚಿನ ವಿಟ್‌ವರ್ತ್. ಮೆಟ್ರಿಕ್ ಸ್ಕ್ರೂಗಳು ಹತ್ತಿರ ಬಂದರೂ ಇವಾವುದಕ್ಕೂ ಕೂರುವುದಿಲ್ಲ. ಒಂದು ಥ್ರೆಡ್ ಗೇಜ್ ಇಟ್ಟುಕೊಳ್ಳಿ.

ಹಾಲಿನ ಕ್ಯಾನ್, ಪೀಪಾಯಿ, ಕಲ್ಲಿದ್ದಲು ಎಲ್ಲ ಕಳೆದಿವೆ. ಯಾವುದಾದರೂ ಆಗುತ್ತಾ?

ದಿಮ್ಮಿಗೆ ದುಂಡು ಕಡ್ಡಿ ಕತ್ತರಿಸಿದರೂ ನಡೆಯುತ್ತದೆ. ಕ್ಯಾನಿಗೆ ಹಾಗಲ್ಲ. 3462ರ ಕ್ಯಾನಿನ ತಳದಲ್ಲಿ ಆಯಸ್ಕಾಂತ ಇದೆ, ತಗಡಿನ ಕಟ್ಟೆಯ ಮೇಲೆ ಬೀಳದೆ ನಿಲ್ಲುವುದು ಅದರಿಂದ. 3662ರ ಕ್ಯಾನ್ ಆಯಸ್ಕಾಂತ ಇಲ್ಲದ ಪ್ಲಾಸ್ಟಿಕ್. ಅದಲು ಬದಲು ಮಾಡಿದರೆ ಒಂದು ಕಡೆ ಕ್ಯಾನ್ ಉರುಳುತ್ತದೆ, ಇನ್ನೊಂದು ಕಡೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. 362 ಪೀಪಾಯಿ ಏರಿಸುವ ಯಂತ್ರದ ಪೀಪಾಯಿ ಮರದ್ದು. ತೂಕ ಬೇರೆಯಾದರೆ ಕಂಪಿಸುವ ದಾರಿ ಹತ್ತುವುದಿಲ್ಲ. ಕಲ್ಲಿದ್ದಲಿಗೆ ನಿಜವಾದ ಇದ್ದಿಲು ಪುಡಿ ಹಾಕಬೇಡಿ, ಧೂಳು ಮೋಟರಿಗೆ ಹೋಗುತ್ತದೆ. ಲಯನೆಲ್ 206 ಎಂಬ ಕೃತಕ ಕಲ್ಲಿದ್ದಲಿನ ಗಾತ್ರದ ಹರಳೇ ಬೇಕು.

## ಭಾಗವೇ ಸಿಗದಿದ್ದಾಗ

ಹೊಸ ಕಾಯಿಲ್ ಹಾಕಿದ ವಾರದಲ್ಲೇ ಅದೂ ಸುಟ್ಟಿತು. ನಕಲಿ ಭಾಗವಾ?

ಭಾಗದ ತಪ್ಪಲ್ಲ, ಪ್ಲಂಜರ್‌ನದು. ಎ.ಸಿ. ಕಾಯಿಲ್‌ನಲ್ಲಿ ಕರೆಂಟನ್ನು ಹಿಡಿದಿಡುವುದು ತಂತಿಯ ಓಮ್ ಮಾತ್ರವಲ್ಲ, ಒಳಗೆ ಬಂದ ಕಬ್ಬಿಣವೂ ಹೌದು. ಪ್ಲಂಜರ್ ಪೂರ್ತಿ ಒಳಗೆ ಬಂದಾಗ ಕರೆಂಟ್ ಇಳಿಯುತ್ತದೆ. ಅರ್ಧದಲ್ಲಿ ಸಿಕ್ಕಿಕೊಂಡರೆ ಕರೆಂಟ್ ಮೇಲೆಯೇ ಉಳಿದು ಎನಾಮಲ್ ಕರಕಲಾಗುತ್ತದೆ. ಹಳೆಯ ಎಣ್ಣೆ ಅಂಟಾಗಿರುವುದು, ಬಿಸಿಗೆ ಒಳಗಿನ ಕೊಳವೆ ಸೊಟ್ಟಗಾಗಿರುವುದು, ಲಿವರ್ ಬಾಗಿರುವುದು, ಇವೇ ಕಾರಣ. ಪ್ಲಂಜರ್ ಮತ್ತು ಕೊಳವೆಯನ್ನು ಆಲ್ಕೊಹಾಲ್‌ನಿಂದ ತೊಳೆದು ಒಣಗಿಸಿ ಹಾಗೇ ಬಿಡಿ. ಎಣ್ಣೆ ಬೇಡ, ತೀರಾ ಬೇಕೆನಿಸಿದರೆ ಒಣ ಗ್ರಾಫೈಟ್ ಪುಡಿ ಚಿಟಿಕೆಯಷ್ಟು. ಇನ್ನೊಂದು ಕಾರಣ ಕಾಂಟ್ಯಾಕ್ಟರ್ ಮೇಲೆ ರೈಲು ನಿಲ್ಲಿಸಿ ಊಟಕ್ಕೆ ಹೋಗುವುದು.

ಈ ಕಾಯಿಲ್ ಎಲ್ಲೂ ಇಲ್ಲ. ಮನೆಯಲ್ಲೇ ಸುತ್ತಬಹುದೇ?

ಸುತ್ತಬಹುದು, ಸುತ್ತುಗಳನ್ನು ಒಂದೊಂದಾಗಿ ಎಣಿಸಲೂ ಬೇಕಿಲ್ಲ. ಸುಟ್ಟ ತಂತಿಯನ್ನೆಲ್ಲ ಬಿಚ್ಚಿ ತೂಗಿ. ಒಂದು ತುಂಡಿನ ಎನಾಮಲ್ ಕೆರೆದು ಮೈಕ್ರೊಮೀಟರ್‌ನಿಂದ ಬರಿ ತಾಮ್ರದ ದಪ್ಪ ಅಳೆಯಿರಿ. 0.32 ಮಿ.ಮೀ. ಬಂದರೆ ಅದು 28 ಗೇಜ್ (ಅಮೆರಿಕದ ಲೆಕ್ಕ): ಮೀಟರಿಗೆ ಸುಮಾರು 0.73 ಗ್ರಾಂ, 0.213 ಓಮ್. 0.255 ಮಿ.ಮೀ. ಬಂದರೆ 30 ಗೇಜ್, ಮೀಟರಿಗೆ 0.339 ಓಮ್.

ತೂಕ 16 ಗ್ರಾಂ ಬಂತು ಎನ್ನಿ. 28 ಗೇಜ್‌ನಲ್ಲಿ ಅದು 22 ಮೀಟರ್. ಸುರುಳಿಯ ಒಳ ಹೊರ ವ್ಯಾಸಗಳ ಸರಾಸರಿ 14 ಮಿ.ಮೀ. ಇದ್ದರೆ ಒಂದು ಸುತ್ತಿಗೆ 44 ಮಿ.ಮೀ., ಒಟ್ಟು 500 ಸುತ್ತು. ಸುತ್ತಿ ಮುಗಿದ ಮೇಲೆ 4.7 ಓಮ್ ಹತ್ತಿರ ಬರಬೇಕು. ಗಣನೀಯವಾಗಿ ಕಡಿಮೆ ತೋರಿದರೆ ಎಲ್ಲೋ ಎನಾಮಲ್ ಕಿತ್ತು ಸುತ್ತುಗಳು ಒಂದಕ್ಕೊಂದು ತಾಗಿವೆ, ಬಿಚ್ಚಿ ಮತ್ತೆ ಸುತ್ತಿ.

ಬಾಬಿನ್ನನ್ನು (ತಂತಿ ಸುತ್ತುವ ಉರುಳೆ) ನಿಧಾನ ತಿರುಗುವ ಕೈ ಡ್ರಿಲ್‌ಗೆ ಸಿಕ್ಕಿಸಿ, ತಂತಿಯನ್ನು ಬೆರಳುಗಳ ನಡುವೆ ಬಟ್ಟೆಯಲ್ಲಿ ಹಿಡಿದು ಪಕ್ಕಪಕ್ಕಕ್ಕೆ ಕೂರಿಸುತ್ತಾ ಹೋಗಿ. ಅಡ್ಡಾದಿಡ್ಡಿ ಸುತ್ತಿದರೆ ಕೊನೆಯ ನೂರು ಸುತ್ತಿಗೆ ಜಾಗವೇ ಸಾಲದು. ಒಂದೇ ಕಾಯಿಲ್ ಇದ್ದರೆ ಸುತ್ತುವ ದಿಕ್ಕು ಲೆಕ್ಕಕ್ಕಿಲ್ಲ, ಜೋಡಿ ಕಾಯಿಲ್ ಇದ್ದರೆ ಬಿಚ್ಚುವಾಗಲೇ ದಿಕ್ಕು ಬರೆದಿಟ್ಟುಕೊಳ್ಳಿ. ಎರಡೂ ತುದಿಗೆ ಮೆತ್ತನೆಯ ಎಳೆ ವೈರ್ ಬೆಸೆದು ಅದನ್ನು ಬಾಬಿನ್‌ಗೆ ಕಟ್ಟಿ. ಬರಿ ಎನಾಮಲ್ ತಂತಿಯನ್ನೇ ಟರ್ಮಿನಲ್‌ವರೆಗೆ ಎಳೆದರೆ ಅಲುಗಾಟಕ್ಕೆ ಮತ್ತೆ ತುಂಡಾಗುತ್ತದೆ.

ಗೇರಿನ ಹಲ್ಲುಗಳು ಎಣಿಕೆಯಲ್ಲಿ ಸರಿಯಿವೆ, ಗಾತ್ರವೂ ಹತ್ತಿರ ಹತ್ತಿರ ಇದೆ. ಆದರೂ ಕರಕರ ಅನ್ನುತ್ತೆ.

"ಹತ್ತಿರ ಹತ್ತಿರ" ಎಂಬುದೇ ತೊಂದರೆ. ಅಮೆರಿಕ, ಬ್ರಿಟನ್ನಿನ ಹಳೆಯ ಗೇರ್‌ಗಳು ಇಂಚಿನ ಲೆಕ್ಕದವು: ಹಲ್ಲಿನ ಎಣಿಕೆಗೆ 2 ಕೂಡಿಸಿ ಹೊರವ್ಯಾಸದ ಇಂಚಿನಿಂದ ಭಾಗಿಸಿದರೆ ಪಿಚ್ ಬರುತ್ತದೆ. 24 ಹಲ್ಲು, 0.542 ಇಂಚು (13.76 ಮಿ.ಮೀ.) ಇದ್ದರೆ 48 ಪಿಚ್. ಮೆಟ್ರಿಕ್‌ನಲ್ಲಿ ಹೊರವ್ಯಾಸವನ್ನು ಹಲ್ಲು ಕೂಡಿಸು 2ರಿಂದ ಭಾಗಿಸಿದರೆ ಮಾಡ್ಯೂಲ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ 0.5 ಮಾಡ್ಯೂಲಿನ 24 ಹಲ್ಲಿನ ಗೇರ್ 13 ಮಿ.ಮೀ. ಮುಕ್ಕಾಲು ಮಿಲಿಮೀಟರ್ ಕಡಿಮೆ ಇರುವ ಅದನ್ನು 48 ಪಿಚ್‌ನ ಜೊತೆ ಓಡಿಸಿದರೆ ಉಳಿದ ಒಳ್ಳೆಯ ಗೇರೂ ಸವೆಯುತ್ತದೆ. ಜೋಡಿಯನ್ನೇ ಬದಲಿಸಲು ಸಾಧ್ಯವಿದ್ದರೆ ಮಾತ್ರ ಮೆಟ್ರಿಕ್‌ಗೆ ಹೋಗಿ, ಅಕ್ಷಗಳ ನಡುವಿನ ದೂರ ಹೊಂದುತ್ತದೋ ಮೊದಲು ಲೆಕ್ಕ ಹಾಕಿ.

ನೈಲಾನ್ ಗೇರ್ ಸರಿಯಾಗಿಯೇ ಕಂಡರೂ ನಡುವಿನ ಗುಂಬದಲ್ಲಿ ಕೂದಲೆಳೆಯ ಬಿರುಕು ಇರಬಹುದು. ಉಗುರಿನಿಂದ ಅಗಲಿಸಿ ಭೂತಗನ್ನಡಿಯಲ್ಲಿ ನೋಡಿ.

ತಗಡಿನ ಕಿವಿಗಳನ್ನು (ಸೀಳಿನಲ್ಲಿ ತೂರಿಸಿ ಬಾಗಿಸಿದ ತುದಿ) ಬಿಚ್ಚುವಾಗಲೇ ಎರಡು ಮುರಿದವು. ಇನ್ನೇನು ಗತಿ?

ಹಳೆಯ ತಗಡಿನ ಕಿವಿ ಎರಡು ಮೂರು ಬಾಗಿನ ಮೇಲೆ ತಾಳುವುದಿಲ್ಲ, ಕಾರ್ಖಾನೆಯಲ್ಲೇ ಒಂದು ಬಾಗು ಖರ್ಚಾಗಿದೆ. ಮುಂದಿನ ಸಲ ಬುಡದಿಂದ ನೆಟ್ಟಗೆ ಮಾಡದೆ, ಸೀಳಿನಿಂದ ಹೊರಬರುವಷ್ಟೇ ಚಪ್ಪಟೆ ಇಕ್ಕಳದಲ್ಲಿ ಹಿಡಿದು ತಿರುಚಿ. ಮುರಿದ ಕಿವಿಗೆ 0.3 ಮಿ.ಮೀ. ತಗಡಿನ ಪಟ್ಟಿ ಕತ್ತರಿಸಿ, ಕಿವಿಗಿಂತ 6 ಮಿ.ಮೀ. ಉದ್ದ ಬಿಟ್ಟು ಗೋಡೆಯ ಒಳಬದಿಗೆ ಬೆಸೆಯಿರಿ. ಹೊರಬದಿಯ ಮುದ್ರಿತ ಬಣ್ಣ ಸುಡದಂತೆ ಒದ್ದೆ ಬಟ್ಟೆ ಒತ್ತಿಟ್ಟು, ದಪ್ಪ ಮೊನೆಯ ಬೆಸುಗೆ ಐರನ್‌ನಲ್ಲಿ ಎರಡು ಸೆಕೆಂಡಿನೊಳಗೆ ಮುಗಿಸಿ. ತೆಳ್ಳಗಿನ ಮೊನೆ ಶಾಖವನ್ನು ನಿಧಾನವಾಗಿ ಕೊಟ್ಟು ಸುತ್ತಲನ್ನೆಲ್ಲ ಬೇಯಿಸುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ, ಒಣ ಉಜ್ಜುವಿಕೆ ಬೇಡ.

ರಿವೆಟ್ ಮಾಡಿದ ಬಲ್ಬ್ ಹೋಲ್ಡರ್ ತೆಗೆಯಬೇಕಿದ್ದರೆ ಮಡಚಿದ ಅಂಚನ್ನಷ್ಟೇ ಡ್ರಿಲ್‌ನಲ್ಲಿ ಕೈಯಿಂದ ತಿರುಗಿಸಿ ಕೊರೆಯಿರಿ. ಯಂತ್ರ ಹಚ್ಚಿದರೆ ರಿವೆಟ್ ಜೊತೆಗೇ ತಿರುಗಿ ತೂತು ದೊಡ್ಡದಾಗುತ್ತದೆ.

ಅಚ್ಚು ಲೋಹದ ಚೌಕಟ್ಟು ಬಿರುಕು ಬಿಟ್ಟು ಉಬ್ಬಿದೆ. ಅಂಟು ಹಾಕಿದರೆ ನಿಲ್ಲುತ್ತಾ?

ನಿಲ್ಲುವುದಿಲ್ಲ. ಸತು ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸ್ವಲ್ಪ ಹೆಚ್ಚಾದರೂ ಕಣಗಳ ನಡುವೆ ಒಳಗಿನಿಂದಲೇ ಸವೆತ ಶುರುವಾಗುತ್ತದೆ. ಯುದ್ಧಪೂರ್ವದ ಅಚ್ಚುಗಳಲ್ಲಿ, 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೊ ಎಂಬ ರೈಲುಗಳ ಆರಂಭದ ಮಾಲಿನಲ್ಲೂ, ಇದು ಹೆಸರಾಂತ ರೋಗ. ಔಷಧವಿಲ್ಲ, ಒಣ ಜಾಗದಲ್ಲಿಟ್ಟರೆ ನಿಧಾನವಾಗುತ್ತದೆ ಅಷ್ಟೆ. ಕಾಳಜಿ ಬೇಕಾದದ್ದು ಬದಲಿ ಕೊಳ್ಳುವಾಗ: ಅದೇ ಕಾಲದ ಅಸಲಿ ಚೌಕಟ್ಟು ಕೊಂಡರೆ ಅದೇ ರೋಗವನ್ನೂ ಕೊಂಡಂತೆ. ಇಲ್ಲಿ ಮಾತ್ರ ಹೊಸ ನಕಲು ಅಸಲಿಗಿಂತ ಮೇಲು.

3ಡಿ ಪ್ರಿಂಟ್ ಮಾಡಿಸಿದ ಭಾಗ ಹಾಕಬಹುದಾ?

ಬಲ್ಬಿನಿಂದ ದೂರವಿದ್ದರೆ ಧಾರಾಳವಾಗಿ. ಪಿಎಲ್ಎ ಪ್ಲಾಸ್ಟಿಕ್ 55-60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ, ದೀಪದ ಗೂಡಿಗೆ ಅದು ಆಗದು. ಎಬಿಎಸ್ ಪ್ಲಾಸ್ಟಿಕ್ ಸುಮಾರು ನೂರು ಡಿಗ್ರಿಯವರೆಗೆ ತಾಳುತ್ತದೆ. ಜಾರುವ ಭಾಗಗಳಿಗೆ ಪ್ರತಿ ಬದಿ 0.2ರಿಂದ 0.3 ಮಿ.ಮೀ. ಸಡಿಲ ಬಿಡಿ. ಮುರಿದ ಭಾಗ ಅಳೆಯುವಾಗ ಒಂದು ಎಚ್ಚರಿಕೆ: ಹಳೆಯ ಪ್ಲಾಸ್ಟಿಕ್ ಕುಗ್ಗಿ ಸೊಟ್ಟಗಾಗಿರುತ್ತದೆ. ಭಾಗವನ್ನಲ್ಲ, ಅದು ಕೂರುವ ಜಾಗವನ್ನು ಅಳೆದು ಚಿತ್ರ ಮಾಡಿಸಿ.

ಲಯನೆಲ್ ಇದೇ ಪರಿಕರವನ್ನು ಮತ್ತೆ ಮಾಡಿತಲ್ಲ, ಆ ಹೊಸದರ ಭಾಗ ಹಳೆಯದಕ್ಕೆ ಹೊಂದುತ್ತದೆಯೇ?

ಹಲವು ಹೊಂದುತ್ತವೆ, ಏಕೆಂದರೆ ಹಳೆಯ ಅಚ್ಚುಗಳಿಂದಲೇ ಮರುತಯಾರಿ ನಡೆದದ್ದುಂಟು. 455 ಎಣ್ಣೆ ಬಾವಿ 2305 ಆಗಿ, 464 ಮರ ಕೊಯ್ಯುವ ಗಿರಣಿ 2301 ಆಗಿ ಮರಳಿ ಬಂದವು. ಗೋಡೆ, ಚಾವಣಿ, ಬೇಲಿ ಸಾಮಾನ್ಯವಾಗಿ ಕೂರುತ್ತವೆ, ಬಣ್ಣ ಮಾತ್ರ ಒಂದು ಛಾಯೆ ಬೇರೆ. ಒಳಗಿನ ಯಂತ್ರ, ಸ್ಕ್ರೂ, ಬಲ್ಬ್ ಹೋಲ್ಡರ್ ವಿಷಯದಲ್ಲಿ ಊಹೆ ಬೇಡ, ಎರಡರ ಮ್ಯಾನ್ಯುಯಲ್ ಪುಟಗಳನ್ನೂ ಪಕ್ಕಪಕ್ಕ ಇಟ್ಟು ಸಂಖ್ಯೆ ಹೋಲಿಸಿ.

ನಕಲಿ ಭಾಗ ಹಾಕಿದರೆ ಬೆಲೆ ಬೀಳುತ್ತಾ? ಮಾರುವಾಗ ಹೇಳಲೇಬೇಕಾ?

ಹೇಳಬೇಕು. ಆಡಿಸುವವರಿಗೆ ನಕಲು ತೊಂದರೆಯಲ್ಲ, ಸಂಗ್ರಾಹಕರಿಗೆ ಅದೇ ಮುಖ್ಯ. ಹೊರಗೆ ಕಾಣದ ಬದಿಯಲ್ಲಿ ಅಳಿಸದ ಪೆನ್ನಿನಿಂದ ಗುರುತು ಮತ್ತು ವರ್ಷ ಹಾಕಿಡಿ, ಇಪ್ಪತ್ತು ವರ್ಷದ ಮೇಲೆ ನಿಮಗೇ ನೆನಪಿರುವುದಿಲ್ಲ. ತೆಗೆದ ಅಸಲಿ ತುಂಡನ್ನು, ಮುರಿದಿದ್ದರೂ, ಚೀಲದಲ್ಲಿ ಹಾಕಿ ಪರಿಕರದ ಪೆಟ್ಟಿಗೆಯಲ್ಲೇ ಇಡಿ. ಮುಂದೆ ಅದನ್ನೇ ಅಳೆದು ಇನ್ನೊಬ್ಬರು ಭಾಗ ಮಾಡಿಸಿಕೊಳ್ಳಬಹುದು.